ಹಾಲುವಾಣದ ಕಪ್ಪೆಗಳು

ಕೋರಮಂಡಲ್, ಕೆ.ಜಿ.ಎಫ್.
3-8-2024, ಶನಿವಾರ

ಚಿರಂಜೀವಿ ಸೌಭಾಗ್ಯವತಿ ಲಿಖಿತಳಿಗೆ,

ನಿನ್ನ ಅತ್ತೆಯ ಆಶೀರ್ವಾದ. ಬೂದಿಕೋಟೆಯಲ್ಲಿ ನೀನು, ನಿಮ್ಮಪ್ಪ, ನಿಮ್ಮಮ್ಮ, ಹಸುಗಳು ಎಲ್ಲ ಚೆನ್ನಾಗಿದ್ದೀರೆಂದು ಸುಬ್ರಮಣಿ ಪ್ರತಿ ಭಾನುವಾರ ನಿನ್ನನ್ನು ನೋಡಿ ಬಂದು ಹೇಳುತ್ತಾನೆ. ಹೇಳುವುದು ಅಷ್ಟೇ. ಹೆಂಡತಿ ಏನು ಉಟ್ಟಿದ್ದಳು, ಊಟಕ್ಕೆ ಏನು ಮಾಡಿದ್ದಳು, ಸಣ್ಣಗಾಗಿದ್ದಾಳೋ ಹೇಗೋ ಎಂದು ಕೇಳಿದರೆ "ಅದೇ ಅಮ್ಮಾ, ಚೆನ್ನಾಗವ್ಳೆ" ಎನ್ನುತ್ತಾನೆ. ನನ್ನ ಮಗನ ಬಾಯಿಂದ ಸುದ್ದಿ ಬಿಡಿಸುವುದಕ್ಕಿಂತ ಹಲಸಿನ ಹಣ್ಣು ಬಿಡಿಸುವುದು ಸುಲಭ.

ಆರು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ತಡವಾಯಿತು, ಮನ್ನಿಸು. ಫೋನು ಮಾಡಿ ನೋಡಿದೆ, ನೀನು ಎತ್ತಲಿಲ್ಲ. ಎತ್ತಬೇಕಿತ್ತು ಎಂದು ನಾನೂ ಹೇಳುವುದಿಲ್ಲ. ನಿಮ್ಮ ಮಾವನ ತಿಥಿಯ ದಿನ ನೆಂಟರೆಲ್ಲರ ಎದುರಿಗೆ, ಬಾಗಿಲಲ್ಲಿ ನಿಂತು ನಾನು ಆಡಿದ ಮಾತಿಗೆ ನೀನು ಬ್ಯಾಗು ಹಿಡಿದು ತವರಿಗೆ ಹೋದೆ. ಆ ಮಾತು ಏನೆಂದು ನಿನಗೂ ಗೊತ್ತು, ನನಗೂ ಗೊತ್ತು. ಅದನ್ನು ಬರೆಯೋಣವೆಂದೇ ಕೂತೆ, ಕೈ ಬರುತ್ತಿಲ್ಲ. ಸದ್ಯಕ್ಕೆ ಬೇರೆ ವಿಷಯ ಬರೆಯುತ್ತೇನೆ.

ಕಾಗದವನ್ನು ಸುಬ್ರಮಣಿಯ ಕೈಯಲ್ಲೇ ಕಳಿಸುತ್ತಿದ್ದೇನೆ. ಬಸ್ಸಿನಲ್ಲಿ ಬಿಚ್ಚಿ ಓದಿಯಾನೆಂದು ಲಕೋಟೆಗೆ ನಮ್ಮ ಗಾಳದ ಮರಗಪ್ಪೆಗಳಿಗೆ ಹಚ್ಚುವ ಅಂಟನ್ನೇ ಹಚ್ಚಿದ್ದೇನೆ. ಕತ್ತರಿ ತೆಗೆದುಕೋ, ಉಗುರು ಹಾಕಬೇಡ.

ಶೆಡ್ಡಿನ ಬೀಗ ತೆಗೆದೆ. ನಿಮ್ಮ ಮಾವ ಹೋದಂದಿನಿಂದ ಮುಚ್ಚಿದ್ದು. ಹಾಲುವಾಣದ ಕೊಂಬೆಗಳು ಗೋಡೆಗೆ ಒರಗಿ ಹಾಗೇ ಇದ್ದವು, ಚೆನ್ನಾಗಿ ಒಣಗಿವೆ. ಅರ, ಉಳಿ, ಸೀಸದ ತುಂಡುಗಳು, ಗಾಳದ ಪೊಟ್ಟಣ, ನೀನು ಕಪ್ಪೆಗೆ ಕಣ್ಣು ಬರೆಯುತ್ತಿದ್ದ ಕಡ್ಡಿ, ಎಲ್ಲದರ ಮೇಲೂ ಧೂಳು. ನೀರಿನ ತೊಟ್ಟಿಯಲ್ಲಿ ಹಲ್ಲಿ ಸತ್ತು ಬಿದ್ದಿತ್ತು. ತೊಳೆದು ಹೊಸ ನೀರು ತುಂಬಿಸಿದೆ.

ಯಾಕೆ ತೆಗೆದೆನೆಂದರೆ, ಬೆಂಗಳೂರಿನಲ್ಲಿ ಗಾಳದ ಸಾಮಾನು ಮಾರುವ ನರೇಶ್ ಹೋದ ತಿಂಗಳು ರೈಲಿಗೆ ಬಂದಿದ್ದ. ಕಾಫಿ ಕುಡಿದ, ಮಾವನ ಫೋಟೋಗೆ ಕೈ ಮುಗಿದ, ಆಮೇಲೆ ಮೆಲ್ಲಗೆ ಮಾತು ತೆಗೆದ. "ಅಮ್ಮಾ, ಇನ್ನು ಮಾಡೋರು ಯಾರೂ ಇಲ್ವಲ್ಲ. ಆ ಅಳತೆ ಹಲಗೆ, ಒಣಗಿರೋ ಮರ ಎಲ್ಲ ನನಗೆ ಕೊಟ್ಬಿಡಿ. ಬೇರೆ ಕಡೆ ಮಾಡಿಸ್ಕೋತೀನಿ."

ನನಗೆ ಎಲ್ಲಿತ್ತೋ ಕೋಪ. "ಯಾರೂ ಇಲ್ಲ ಅಂತ ನಿಂಗ್ಯಾರಪ್ಪಾ ಯೋಳಿದ್ದು? ನಾನಿಲ್ವಾ? ಎಷ್ಟು ಬೇಕು ಯೋಳು" ಎಂದೆ.

ಅವನು ಗಾಬರಿಯಲ್ಲಿ ಎಂಬತ್ತು ಎಂದ. ನಾನು ಆಯಿತು ಎಂದೆ. ಅವನು ಬೀದಿ ತಿರುಗುವವರೆಗೂ ಬಾಗಿಲಲ್ಲಿ ಗಟ್ಟಿಯಾಗಿ ನಿಂತಿದ್ದು, ಆಮೇಲೆ ಒಳಗೆ ಬಂದು ಕೂತುಬಿಟ್ಟೆ.

ನಿನಗೆ ಗೊತ್ತಲ್ಲ, ನೀನು ಬಂದ ಎಂಟು ವರ್ಷದಲ್ಲಿ ನಾನು ಒಂದು ಕಪ್ಪೆಯನ್ನೂ ಕೆತ್ತಿದವಳಲ್ಲ. ರಬ್ಬರಿನ ಎಳೆಗಳನ್ನು ಸೇರಿಸಿ ಕಾಲು ಕಟ್ಟಿಕೊಡುವುದು, ಪಕ್ಕದ ಮನೆ ರಾಧಾಮಣಿಯ ಜೊತೆ ಹರಟುವುದು, ಅಷ್ಟೇ ನನ್ನ ಕೆಲಸ. ಕೆತ್ತುವುದು ಮಾವ, ತೊಟ್ಟಿಯಲ್ಲಿ ತೇಲಿಸಿ ಸರಿಮಾಡುವುದು, ಬಣ್ಣ ಹಾಕುವುದು ನೀನು. ಮದುವೆಯಾಗಿ ಬಂದ ಮೂರೇ ತಿಂಗಳಲ್ಲಿ ಅವರು ನಿನ್ನ ಕೈಗೆ ಅರ ಕೊಟ್ಟಾಗ ನನಗೆ ಹೊಟ್ಟೆಕಿಚ್ಚು ಆಗಿತ್ತು, ಈಗ ಹೇಳುತ್ತೇನೆ. ನನ್ನ ಕೈಗೆ ಕೊಟ್ಟಿರಲಿಲ್ಲವಲ್ಲ.

ಈಗ ನಾನೇ ಕೆತ್ತಿದೆ. ಎರಡಂಗುಲದ ಮರದ ತುಂಡು, ಅದು ನೀರಿನ ಮೇಲೆ ತಲೆಯೆತ್ತಿ ಕೂರಬೇಕು, ದಾರ ಎಳೆದರೆ ಬುಳುಕ್ ಬುಳುಕ್ ಎನ್ನುತ್ತ ಬರಬೇಕು, ಕೆರೆಯ ಜೊಂಡಿನಲ್ಲಿ ಕೂತಿರುವ ಕೊರಮೀನು ನಿಜವಾದ ಕಪ್ಪೆಯೆಂದು ನಂಬಿ ಮೇಲೆ ಹಾರಿ ಬಾಯಿ ಹಾಕಬೇಕು. ಇದನ್ನು ನಾನು ನಿನಗೆ ಹೇಳಿಕೊಡುವುದು ನಗೆಪಾಟಲು. ಆದರೆ ನನಗೆ ಎಲ್ಲ ಈಗ ಹೊಸದಾಗಿ ಕಾಣುತ್ತಿದೆ. ಹನ್ನೊಂದು ಮಾಡಿದೆ. ಹನ್ನೊಂದೂ ತೊಟ್ಟಿಯಲ್ಲಿ ಹೊಟ್ಟೆ ಮೇಲೆ ಮಾಡಿಕೊಂಡು ತೇಲಿದವು. ರಾಧಾಮಣಿ ಬಂದು ನೋಡಿ, "ಅಕ್ಕಾ, ಎಲ್ಲಾ ಒಟ್ಗೆ ವಿಷ ಕುಡ್ದ್ಬಿಟ್ವಾ?" ಎಂದಳು. ಬೆರಳು ಎರಡು ಕಡೆ ಕೊಯ್ದಿದೆ. ಬಟ್ಟೆ ಸುತ್ತಿಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಅದಕ್ಕೆ.

ನಿಮ್ಮ ಮಾವ ಗಣಿಯೊಳಗೆ ಸುರಂಗಕ್ಕೆ ಮರದ ಆಸರೆ ಕಟ್ಟುತ್ತಿದ್ದವರು. ಬಂಡೆ ಕದಲುವ ಮೊದಲು ಮರ ಕಿರ್ರೆನ್ನುತ್ತದೆ, ಅದನ್ನು ಕೇಳಿಸಿಕೊಂಡವನು ಮೇಲೆ ಬರುತ್ತಾನೆ ಎನ್ನುತ್ತಿದ್ದರು. ಆ ಅಭ್ಯಾಸಕ್ಕೆ ಕಪ್ಪೆಯನ್ನೂ ಕಿವಿಗೆ ಹಿಡಿದು ಉಗುರಿನಲ್ಲಿ ಬಡಿದು ನೋಡುತ್ತಿದ್ದರು. ನಾನೂ ಬಡಿದೆ. ನನಗೆ ಏನೂ ಕೇಳಿಸಲಿಲ್ಲ. ಆದರೂ ಬಿಡುವುದಿಲ್ಲ. ಎಂಬತ್ತು ಎಂದ ಮೇಲೆ ಎಂಬತ್ತು.

ನೀನು ಬರಬೇಕೆಂಬ ಆಸೆ ಇದೆ, ಕೇಳುವ ಮುಖ ಇಲ್ಲ. ಹೊಟ್ಟೆಗೆ ಇಡುವ ಸೀಸವನ್ನು ಎಲ್ಲಿ, ಎಷ್ಟು ಆಳಕ್ಕೆ ಇಡುತ್ತಿದ್ದೆ, ಅಷ್ಟು ಮಾತ್ರ ಬರೆದು ಕಳಿಸು. ನಿಮ್ಮ ಅಪ್ಪ ಚಿಕ್ಕವೆಂಕಟಪ್ಪನವರಿಗೂ ಅಮ್ಮನಿಗೂ ನನ್ನ ನಮಸ್ಕಾರ ತಿಳಿಸು. ತೆಗೆದುಕೊಳ್ಳದಿದ್ದರೆ ಬಲವಂತ ಮಾಡಬೇಡ.

ನಿನ್ನ ಅತ್ತೆ,
ಅನಸೂಯಮ್ಮ

ಮತ್ತೆ ಬರೆದದ್ದು: ಕೆಂಪು ಹೊಟ್ಟೆಯ ಕಪ್ಪೆಗೆ ಯಾವ ಬಣ್ಣಕ್ಕೆ ಯಾವುದನ್ನು ಕಲೆಸುತ್ತಿದ್ದೆ? ನಾನು ಕಲೆಸಿದರೆ ಟೊಮೆಟೊ ಚಟ್ನಿಯಾಗುತ್ತಿದೆ.



ಕೋರಮಂಡಲ್
19-10-2024, ಶನಿವಾರ

ಪ್ರೀತಿಯ ಲಿಖಿತಾ,

ಎರಡೂವರೆ ತಿಂಗಳು ಉತ್ತರ ಬರೆಯದೆ ಇದ್ದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಹಗಲೆಲ್ಲ ಶೆಡ್ಡು, ಆಮೇಲೆ ಅಡಿಗೆ, ಬೆನ್ನು ಹಾಸಿಗೆ ಕಂಡರೆ ಸಾಕು ಎನ್ನುತ್ತದೆ. ಹಬ್ಬ ಹೇಗಾಯಿತು? ಆಯುಧಪೂಜೆಗೆ ನಿಮ್ಮ ಮಾವನ ಉಳಿ, ಅರಗಳಿಗೆ ಕುಂಕುಮ ಇಟ್ಟು ಕುಂಬಳಕಾಯಿ ಒಡೆದೆ. ನಿನ್ನ ಬಣ್ಣದ ಕಡ್ಡಿಗೂ ಇಟ್ಟೆ.

ನಿನ್ನ ಚೀಟಿ ಬಂದ ದಿನದಿಂದ ಶೆಡ್ಡಿನ ಗೋಡೆಯ ಮೇಲೆ ಅಂಟಿಸಿದ್ದೇನೆ. "ಹಿಂದಿನಿಂದ ಒಂದೂವರೆ ಗೆರೆ ಬಿಟ್ಟು. ಉಳಿಯಲ್ಲಿ ಕೊರೆಯಬೇಡಿ, ಕೈ ಡ್ರಿಲ್. ಕೆಂಪಿಗೆ ಸ್ವಲ್ಪ ಅರಿಶಿನದ ಬಣ್ಣ." ಮೇಲೆ ಅತ್ತೆಯೂ ಇಲ್ಲ, ಕೆಳಗೆ ಹೆಸರೂ ಇಲ್ಲ. ವಿದ್ಯುತ್ ಬಿಲ್ಲಿನಲ್ಲಿ ಇದಕ್ಕಿಂತ ಹೆಚ್ಚು ಮಾತಿರುತ್ತದೆ. ಆದರೂ ಸುಬ್ರಮಣಿ ಅದನ್ನು ಜೇಬಿನಿಂದ ತೆಗೆದಾಗ ನಾನು ಅತ್ತುಬಿಟ್ಟೆ. ಅವನು ಹೆದರಿ, "ಏನಮ್ಮಾ, ಬೈದವ್ಳಾ?" ಎಂದು ಕೇಳಿದ.

ಚೀಟಿಯಲ್ಲಿದ್ದ ಹಾಗೆ ಮಾಡಿದೆ. ಹನ್ನೆರಡನೇ ಕಪ್ಪೆ ತಲೆಯೆತ್ತಿತು! ನಾನು ತೊಟ್ಟಿಯ ಪಕ್ಕ ಒಬ್ಬಳೇ ಕೂತು ಚಪ್ಪಾಳೆ ತಟ್ಟಿದೆ. ಎಂಬತ್ತನ್ನೂ ಸೆಪ್ಟೆಂಬರಿನಲ್ಲಿ ಕಳಿಸಿದೆ. ನರೇಶ್ ಒಂಬತ್ತು ವಾಪಸು ಮಾಡಿದ, ಎಪ್ಪತ್ತೊಂದು ಇಟ್ಟುಕೊಂಡ. ಅವನ್ನು ನೋಡಿದರೆ ಗಿರಾಕಿಗಳಿಗೆ ಮಾವನ ಕೈಯದಲ್ಲ ಎಂದು ತಿಳಿಯುತ್ತದೆಯಂತೆ, ಆದರೆ ಮೀನಿಗೆ ತಿಳಿಯುವುದಿಲ್ಲವಂತೆ. ಅದು ಹೊಗಳಿಕೆಯೋ ಬೈಗುಳವೋ, ಹೊಗಳಿಕೆ ಎಂದೇ ಇಟ್ಟುಕೊಂಡಿದ್ದೇನೆ.

ಆಮೇಲೆ ಆದ ಎಡವಟ್ಟು ಕೇಳು. ನೀನು ನಗುತ್ತೀಯ, ನಗು.

ನರೇಶ್ ಫೋನಿನಲ್ಲಿ ಮಾತು ತುಂಬಿ ಕಳಿಸಿದ್ದ. "ಅಮ್ಮಾ, ಎಲ್ಲಾ ಖರ್ಚಾಯ್ತು. ಈ ಸಲ ಕಾಲು ಜಾಸ್ತಿ ಮಾಡಿ ಕಳ್ಸಿ." ನಾನು ಎರಡು ಸಲ ಹಾಕಿಸಿ ಕೇಳಿದೆ. ರಾಧಾಮಣಿಯೂ ಕೇಳಿದಳು. ಕಾಲು ಜಾಸ್ತಿ. ಸರಿ, ಕಾಲು ಕಟ್ಟುವುದು ನಮ್ಮಿಬ್ಬರ ಹಳೆಯ ಕೆಲಸ, ಇದರಲ್ಲಿ ನಮ್ಮನ್ನು ಮೀರಿಸುವವರು ಯಾರು ಎಂದು ಎರಡು ಕಾಲಿನ ಕಪ್ಪೆಗೆ ನಾಲ್ಕು ಕಾಲು ಕಟ್ಟಿದೆವು. ಒಂದಲ್ಲ ಎರಡಲ್ಲ, ಎಂಬತ್ತು ಕಪ್ಪೆಗೆ. ಕಟ್ಟುವಾಗಲೇ ರಾಧಾಮಣಿಗೆ ಅನುಮಾನ. "ಅಕ್ಕಾ, ಇದು ಕಪ್ಪೆನಾ, ಏಡಿನಾ?" ಎಂದಳು. "ಗಿರಾಕಿ ಕೇಳಿದ್ದು ಕೊಡೋದು ನಮ್ ಕೆಲ್ಸ, ಬಾಯಿ ಮುಚ್ಕೊಂಡು ಕಟ್ಟು" ಎಂದೆ.

ಫೋಟೋ ತೆಗೆದು ಕಳಿಸಿದೆವು. ಒಂದೇ ನಿಮಿಷಕ್ಕೆ ಫೋನು. ಅವನು ನಗುತ್ತಿದ್ದನೋ ಅಳುತ್ತಿದ್ದನೋ ಗೊತ್ತಾಗಲಿಲ್ಲ. "ಅಮ್ಮಾ, ಕಾಲು ಅಂದ್ರೆ ಕಾಲು ಭಾಗ! ಎಂಬತ್ತರ ಬದ್ಲು ನೂರು ಅಂತ!"

ಭಾಗ ಎನ್ನುವ ಎರಡಕ್ಷರ ಸೇರಿಸಿದ್ದರೆ ಇವನ ನಾಲಿಗೆ ಸವೆಯುತ್ತಿತ್ತೇ? ಹಾಗೆಂದು ಅವನಿಗೇ ಕೇಳಿದೆ. ಮಾವ ಇದ್ದಾಗಲೂ ಹೀಗೇ ಹೇಳುತ್ತಿದ್ದನಂತೆ, ಅವರಿಗೆ ಅರ್ಥವಾಗುತ್ತಿತ್ತಂತೆ. ಅವರು ಲೆಕ್ಕದ ಕಡೆಯಿಂದ ಕೇಳುತ್ತಿದ್ದರು, ನಾವು ಕಾಲು ಕಟ್ಟುವವರು, ನಮಗೆ ಕಾಲೇ ಕೇಳಿಸಿತು.

ತೊಟ್ಟಿಗೆ ಬಿಟ್ಟರೆ ಇನ್ನೂ ಚಂದ. ಹಿಂದಿನ ಭಾರಕ್ಕೆ ಕುಂಡಿ ಮುಳುಗಿ ನೆಟ್ಟಗೆ ನಿಂತುಕೊಳ್ಳುತ್ತವೆ. ಎಂಬತ್ತು ಕಪ್ಪೆಗಳು ಬಾಗಿಲು ಬಡಿಯಲು ಬಂದ ನೆಂಟರ ಹಾಗೆ ನಿಂತು ನನ್ನನ್ನೇ ನೋಡುತ್ತಿದ್ದವು. ಅವತ್ತು ನನಗೆ ಸಾಕೆನಿಸಿತು. ಶೆಡ್ಡಿನ ಬಾಗಿಲು ಎಳೆದುಕೊಂಡು ಬಂದು ಸುಬ್ರಮಣಿಗೆ, "ನಾಳೆ ನರೇಶನ್ನ ಕರ್ಸು, ಮರ ಎಲ್ಲಾ ತಕ್ಕೊಂಡೋಗ್ಲಿ" ಎಂದೆ. ಅವನು ತಟ್ಟೆಯಿಂದ ತಲೆ ಎತ್ತದೆ, "ಕರ್ಸ್ತೀನಿ. ಆಮೇಲೆ ಲಿಖಿತಂಗೆ ಏನ್ ಯೋಳ್ಲಿ?" ಎಂದ. ಮಾತಾಡದ ಮಗ ಒಂದೊಂದು ಸಲ ಹೀಗೆ ಮಾತಾಡುತ್ತಾನೆ. ಬೆಳಗ್ಗೆ ಎದ್ದು ಕಾಫಿಗೂ ಮೊದಲು ಶೆಡ್ಡಿಗೆ ಹೋಗಿ ಕಾಲು ಬಿಚ್ಚಲು ಕೂತೆ. ಅಂಟು ಹಾಕಿದ ಕಾಲು ಬಿಚ್ಚುವುದು ಕಟ್ಟುವುದಕ್ಕಿಂತ ನಾಲ್ಕು ಪಟ್ಟು ಕಷ್ಟ. ಐದು ದಿನದಲ್ಲಿ ಅರವತ್ತು ಬಿಚ್ಚಿ, ಉಜ್ಜಿ, ಮತ್ತೆ ಕಟ್ಟಿದೆ.

ಮಿಕ್ಕ ಇಪ್ಪತ್ತನ್ನು ಯಾಕೆ ಬಿಟ್ಟೆನೆಂದರೆ ಮುನಿಸ್ವಾಮಪ್ಪನಿಂದ. ನೆನಪಿದೆಯಲ್ಲ, ಮಾವನ ಜೊತೆ ಗಣಿಯಲ್ಲಿದ್ದವರು, ನೀನು ಮಾಡಿದ ಕಪ್ಪೆ ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. ಹಬ್ಬದ ಮಾರನೆಯ ದಿನ ನಾಲ್ಕು ಕಾಲಿನದನ್ನು ತಮಾಷೆಗೆ ಬೇತಮಂಗಲದ ಕೆರೆಗೆ ತೆಗೆದುಕೊಂಡು ಹೋದವರು, ಮಧ್ಯಾಹ್ನ ಒಂದೂವರೆ ಕೆಜಿ ಕೊರಮೀನು ಹಿಡಿದುಕೊಂಡು ಬಂದರು. "ಅನ್ಸೂಯಮ್ಮಾ, ನೆಟ್ಟಗಿರೋ ಕಪ್ಪೆ ಓಡೋಯ್ತದೆ. ಇದು ಕುಂಟ್ಕೊಂಡು ಬತ್ತದೆ. ಕುಂಟೋ ಕಪ್ಪೆ ಕಂಡ್ರೆ ಮೀನು ಬಿಡ್ತದಾ?" ನರೇಶನಿಗೆ ಹೇಳಿದೆ. ನೆಟ್ಟಗೆ ನಿಲ್ಲದೆ ಮಲಗಿ ಬರುವ ಹಾಗೆ ಮಾಡಿದರೆ ಆ ಇಪ್ಪತ್ತನ್ನೂ ತೆಗೆದುಕೊಳ್ಳುತ್ತೇನೆ ಎಂದಿದ್ದಾನೆ. ಅವನ ಕಾಲು ಭಾಗವನ್ನು ಆಮೇಲೆ ಕೆತ್ತಿದರಾಯಿತು, ನಮ್ಮ ಕಾಲಂತೂ ಉಳಿಯಿತು.

ಮಾಡುವುದು ಹೇಗೆಂದು ಮಾತ್ರ ತಿಳಿಯುತ್ತಿಲ್ಲ. ಸೀಸ ತೆಗೆದರೆ ಹೊಟ್ಟೆ ಮೇಲೆ, ಇಟ್ಟರೆ ಕುಂಡಿ ಕೆಳಗೆ. ಒಂದನ್ನು ಈ ಕಾಗದದ ಜೊತೆ ಕಳಿಸಿದ್ದೇನೆ. ಗಾಳ ತೆಗೆದಿದ್ದೇನೆ, ಕೈಗೆ ಚುಚ್ಚುವುದಿಲ್ಲ. ಮನಸ್ಸಾದರೆ ಹಸುವಿನ ತೊಟ್ಟಿಯಲ್ಲಿ ಬಿಟ್ಟು ನೋಡು.

ಚೆನ್ನಾಗಿರು. ಹೊತ್ತಿಗೆ ಸರಿಯಾಗಿ ಊಟ ಮಾಡು.

ಅತ್ತೆ,
ಅನಸೂಯಮ್ಮ

ಮತ್ತೆ: ಆ ಕೊರಮೀನಿನ ಸಾರು ರಾಧಾಮಣಿ ಮಾಡಿದಳು. ಮಾವ ಇದ್ದಿದ್ದರೆ ತಲೆ ಅವರಿಗೇ.



ಕೋರಮಂಡಲ್
14-12-2024, ಶನಿವಾರ

ನನ್ನ ಲಿಖಿತಾ,

ನಿನ್ನ ಪ್ರಶ್ನೆಗೆ ಎಂಟು ವಾರ ಉತ್ತರ ಕೊಡಲಿಲ್ಲ. ತಪ್ಪಾಯಿತು. ಮರೆತು ಕೂತಿದ್ದೆ ಎಂದು ಮಾತ್ರ ತಿಳಿಯಬೇಡ. ಒಂದು ದಿನವೂ ಮರೆತಿಲ್ಲ.

ಅವತ್ತು ಸುಬ್ರಮಣಿ ಬೂದಿಕೋಟೆಯಿಂದ ಬಂದು ಕಪ್ಪೆಯನ್ನು ಮೇಜಿನ ಮೇಲಿಟ್ಟ. ತೊಟ್ಟಿಗೆ ಬಿಟ್ಟೆ. ಮಲಗಿತು, ತಲೆ ಎತ್ತಿತು, ದಾರ ಎಳೆದರೆ ಕುಂಟುತ್ತ ಬಂತು. ತಿರುಗಿಸಿ ನೋಡಿದರೆ ಗಂಟಲ ಕೆಳಗೆ ಮರ ಒಂದು ಎಳೆಯಷ್ಟು ಕೆರೆದಿದ್ದೀಯ, ಸೀಸವನ್ನು ಎರಡು ಚೂರು ಮಾಡಿ ಒಂದನ್ನು ಮುಂದಕ್ಕೆ ತಂದಿದ್ದೀಯ. ನಾನು ಹಿಗ್ಗಿ, "ಏನಾದ್ರೂ ಯೋಳುದ್ಲಾ?" ಎಂದು ಕೇಳಿದೆ. ಅವನು ಗೋಡೆ ನೋಡಿಕೊಂಡು ಒಪ್ಪಿಸಿದ. "ಅತ್ತೆಗೆ ಕಪ್ಪೆ ಬೇಕಾ, ನಾನು ಬೇಕಾ, ಕೇಳ್ಕೊಂಡು ಬಾ ಅಂದ್ಲು."

ಸರಿಯಾಗಿಯೇ ಕೇಳಿದ್ದೀಯ. ಎರಡು ಕಾಗದ ಬರೆದೆ, ಎರಡರಲ್ಲೂ ಕಪ್ಪೆಯದೇ ಕಥೆ. ಬಾಯಲ್ಲಿ ಆಗಲೇ ನೀನೇ ಬೇಕು ಎನ್ನಬಹುದಿತ್ತು. ಆದರೆ ನಾನು ನಿನ್ನ ಕೈ ನೋಡಿ ಕರೆಯುತ್ತಿದ್ದೇನೋ, ನಿನ್ನನ್ನು ನೋಡಿ ಕರೆಯುತ್ತಿದ್ದೇನೋ, ಆಗ ನನಗೇ ಖಾತ್ರಿ ಇರಲಿಲ್ಲ. ಅದಕ್ಕೆ ಮೊದಲು ಕಪ್ಪೆಯದನ್ನು ಮುಗಿಸಿಬಿಡೋಣ ಎಂದು ಹಟ ಹಿಡಿದೆ. ನೀನು ಸರಿಮಾಡಿದ್ದನ್ನು ಎದುರಿಗಿಟ್ಟುಕೊಂಡು ಮಿಕ್ಕ ಹತ್ತೊಂಬತ್ತನ್ನು ಸರಿಮಾಡಿದೆ. ಏಳು ಕೆಟ್ಟವು, ಹೊಸ ಮರದಲ್ಲಿ ಮತ್ತೆ ಏಳು ಕೆತ್ತಿದೆ. ನೂರಕ್ಕೆ ಬೇಕಾದ ಮಿಕ್ಕವನ್ನೂ ಕೆತ್ತಿದೆ. ಸುಬ್ರಮಣಿ ಕಾರ್ಖಾನೆಗೆ ರಜೆ ಹಾಕುತ್ತೇನೆ ಎಂದ, ಬೇಡವೆಂದೆ. ಹೋದ ಶುಕ್ರವಾರ ನಾನೇ ಚೀಲ ಹೊತ್ತು ಬಂಗಾರಪೇಟೆಯಲ್ಲಿ ರೈಲು ಹತ್ತಿ, ನರೇಶನ ಅಂಗಡಿ ಹುಡುಕಿಕೊಂಡು ಹೋಗಿ ಕೊಟ್ಟು ಬಂದೆ. ದಾರಿ ಎರಡು ಸಲ ತಪ್ಪಿತು. ಅವನು ಒಂದೊಂದನ್ನೂ ಬಕೆಟ್ಟಿಗೆ ಬಿಟ್ಟು ನೋಡಿದ. ಒಂದೂ ವಾಪಸು ಕೊಡಲಿಲ್ಲ. ಯುಗಾದಿಯವರೆಗೆ ತಿಂಗಳಿಗೆ ನೂರು ಬೇಕಂತೆ. ಕಾಲು ಭಾಗವೋ ಅರೆ ಭಾಗವೋ ಎಲ್ಲ ಕಾಗದದ ಮೇಲೆ ಬರೆಸಿಕೊಂಡು ಬಂದೆ.

ಈಗ ನನಗೆ ಕಪ್ಪೆ ಬರುತ್ತದೆ ಲಿಖಿತಾ. ನೀನು ಇಲ್ಲದಿದ್ದರೂ ಬರುತ್ತದೆ. ಅದಕ್ಕೇ ಈಗ ಉತ್ತರ ಕೊಡಬಹುದು ಅನ್ನಿಸಿತು. ನೀನು ಬೇಕು.

ಆ ಮಾತನ್ನೂ ಬರೆಯುತ್ತೇನೆ. ಬರೆಯದಿದ್ದರೆ ಉತ್ತರ ಅರ್ಧವೇ ಆಗುತ್ತದೆ. "ಇವ್ಳ ಕಾಲ್ಗುಣ ಒಳ್ಳೇದಿದ್ದಿದ್ರೆ ನನ್ ತಾಳಿ ಉಳೀತಿತ್ತು." ನೆಂಟರ ಎದುರಿಗೆ ಇದನ್ನೇ ನಾನು ಅಂದದ್ದು. ನಿಮ್ಮ ಅಪ್ಪ ಅಲ್ಲೇ ಎಲೆಯ ಮುಂದೆ ಕೂತಿದ್ದರು. ಅನ್ನಕ್ಕೆ ಕೈ ಹಾಕಿದವರು ಕೈ ತೆಗೆದರು.

ಆ ಮಾತಿನ ತೂಕ ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನಾನು ಮದುವೆಯಾಗಿ ಗಣಿಯವರು ಕೊಟ್ಟ ಈ ಲೈನ್ ಮನೆಗೆ ಬಂದ ಒಂಬತ್ತನೇ ದಿನ ಗಣಿಯೊಳಗೆ ಬಂಡೆ ಸಿಡಿದು, ಇಲ್ಲಿ ಎಲ್ಲರೂ ಏರ್ ಬ್ಲಾಸ್ಟ್ ಎನ್ನುತ್ತಿದ್ದರಲ್ಲ ಅದು, ನಿಮ್ಮ ಮಾವನ ಅಣ್ಣನ ಸೊಂಟ ಮುರಿಯಿತು. ನಮ್ಮತ್ತೆ ನನಗೆ ಇದೇ ಮಾತು ಅಂದರು. ಒಂದು ವರ್ಷ ನಾನು ಮುಂಬಾಗಿಲಲ್ಲಿ ಕಾಲಿಡಲಿಲ್ಲ. ಹಿತ್ತಲ ಬಾಗಿಲಿನಿಂದಲೇ ನೀರು ತಂದೆ, ಸೌದೆ ತಂದೆ, ಬಸುರಿಯಾಗಿ ತವರಿಗೆ ಹೋಗುವಾಗಲೂ ಆ ಬಾಗಿಲಿನಿಂದಲೇ ಹೋದೆ. ನನಗೆ ಸೊಸೆ ಬಂದರೆ ಈ ಮಾತು ನನ್ನ ಬಾಯಲ್ಲಿ ಬರಬಾರದು ಎಂದು ಆಗಲೇ ನಿಶ್ಚಯ ಮಾಡಿದ್ದೆ. ಬಂತು. ಬಂದದ್ದು ದುಃಖದಲ್ಲಿ ಎಂದು ರಾಧಾಮಣಿ ಸಮಾಧಾನ ಹೇಳುತ್ತಾಳೆ. ನಾನು ಒಪ್ಪುವುದಿಲ್ಲ.

ನನ್ನನ್ನು ಕ್ಷಮಿಸು. ನಾನು ದೊಡ್ಡವಳು, ನೀನು ಚಿಕ್ಕವಳು ಎಂಬುದನ್ನು ಪಕ್ಕಕ್ಕಿಟ್ಟು ಕೇಳುತ್ತಿದ್ದೇನೆ.

ಬರುವುದಾದರೆ ಹೀಗೇ ಬರಬೇಕೆಂದು ನಾನು ಹೇಳುವುದಿಲ್ಲ. ಮನೆಗೆ ಬರಲು ಮನಸ್ಸಿಲ್ಲದಿದ್ದರೆ ಶೆಡ್ಡಿಗೆ ಬಾ, ಬೆಳಗ್ಗೆ ಬಂದು ಸಂಜೆಯ ಬಸ್ಸಿಗೆ ಹೋಗು. ಅದೂ ಬೇಡವಾದರೆ ಅಲ್ಲೇ ಒಂದು ತೊಟ್ಟಿ ಇಟ್ಟುಕೊಂಡು ಮಾಡು, ಮರ ನಾನು ಕಳಿಸುತ್ತೇನೆ. ನಿನ್ನ ಗಂಡನನ್ನು ಅಲ್ಲಿಗೇ ಕರೆಸಿಕೊಳ್ಳಬೇಕು ಅನ್ನಿಸಿದರೆ ಕರೆಸಿಕೋ, ನಾನು ತಡೆಯುವುದಿಲ್ಲ. ಅವನು ಆರು ದಿನ ನನಗೆ ಹೆದರಿ, ಏಳನೇ ದಿನ ನಿನಗೆ ಹೆದರಿ ಸೊರಗಿಹೋಗಿದ್ದಾನೆ. ನನಗೆ ಬೇಕಾಗಿರುವುದು ನೀನು ಮತ್ತೆ ತಲೆಯೆತ್ತಿ ಓಡಾಡುವುದು.

ಜನವರಿ ಎಂಟು, ಬುಧವಾರ, ಮಾವನ ವರ್ಷದ ತಿಥಿ. ಅದೇ ನೆಂಟರನ್ನು, ಒಬ್ಬರನ್ನೂ ಬಿಡದೆ ಕರೆದಿದ್ದೇನೆ. ನಿಮ್ಮ ಅಪ್ಪ ಅಮ್ಮನನ್ನು ಕರೆಯಲು ನಾನೇ ಬೂದಿಕೋಟೆಗೆ ಬರುತ್ತೇನೆ. ಬಾಗಿಲು ತೆಗೆಯದಿದ್ದರೆ ಜಗಲಿಯ ಮೇಲಿಂದಲೇ ಕೂಗಿ ಕರೆದು ಹೋಗುತ್ತೇನೆ.

ದೇವರು ನಿನಗೆ ನೂರು ವರ್ಷ ಆಯುಸ್ಸು, ಗಟ್ಟಿ ಕೈ, ನನಗಿಂತ ಒಳ್ಳೆಯ ನಾಲಿಗೆ ಕೊಡಲಿ.

ನಿನ್ನ ಅತ್ತೆ,
ಅನಸೂಯಮ್ಮ

ಮತ್ತೆ: ಸಹಿ ಹಾಕಿ ಮಡಿಸಿದ್ದೆ. ಪುನಃ ಬಿಚ್ಚಿದೆ. ಮಾವ ತೀರಿಕೊಂಡ ಆ ಶುಕ್ರವಾರ ನೀನು ಪಾರ್ಸಲ್ ಕೊಡಲು ಬಂಗಾರಪೇಟೆಗೆ ಹೋಗಬಾರದಿತ್ತು, ಮನೆಯಲ್ಲಿದ್ದಿದ್ದರೆ ಮಾವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೆ ಎಂದು ಈಗಲೂ ಅಳುತ್ತೀಯಂತೆ. ಸುಬ್ರಮಣಿ ನಿನ್ನೆ ಹೇಳಿದ. ಅದನ್ನು ಕೇಳಿದ ಮೇಲೆ ಇದನ್ನು ಬಚ್ಚಿಟ್ಟುಕೊಂಡು ಬದುಕಲು ನನಗೆ ಆಗುವುದಿಲ್ಲ. ನೀನು ಹೋದ ಅರ್ಧ ಗಂಟೆಗೆ ಅವರು ಶೆಡ್ಡಿನಿಂದ ಎದ್ದು ಬಂದರು. "ಅನ್ಸೂಯಾ, ಎದೆ ಯಾಕೋ ಇಡ್ಕೊಂಡಂಗೈತೆ, ಆಸ್ಪತ್ರೆಗೆ ಓಗ್ಬರಾಣಾ" ಎಂದರು. ನಡುಮನೆಯಲ್ಲಿ ಸಂಘದ ಹೆಂಗಸರು ಕೂತಿದ್ದರು, ನಾನು ಮಾತಿನಲ್ಲಿದ್ದೆ. "ಬೆಳಗ್ಗೆ ತಿಂದ ವಡೆ, ಗ್ಯಾಸು, ಜೀರಿಗೆ ನೀರು ಕುಡ್ದು ಮಲೀಕ್ಕೊಳ್ಳಿ" ಎಂದೆ. ಕುಡಿದರು, ಮಲಗಿದರು. ಮಧ್ಯಾಹ್ನ ನೀನು ಬಂದು ಊಟಕ್ಕೆ ಎಬ್ಬಿಸಲು ಹೋಗಿ ಕೂಗಿಕೊಂಡೆ. ಯಾರಾದರೂ ನನ್ನನ್ನು ಏನಾದರೂ ಕೇಳುವ ಮೊದಲೇ ನಾನು ನಿನ್ನ ಕಡೆ ಬೆರಳು ತೋರಿಸಿದೆ. ಇದು ಸುಬ್ರಮಣಿಗೂ ಗೊತ್ತಿಲ್ಲ. ಎಂಟನೇ ತಾರೀಕು ಅದೇ ಬಾಗಿಲಲ್ಲಿ ನಿಂತು ಎಲ್ಲರಿಗೂ ಹೇಳುತ್ತೇನೆ, ನೀನು ಬಂದರೂ ಹೇಳುತ್ತೇನೆ, ಬಾರದಿದ್ದರೂ ಹೇಳುತ್ತೇನೆ. ಆಸ್ಪತ್ರೆಗೆ ಹೋಗೋಣವೇ ಎಂದು ಅವರು ಕೇಳಿದ್ದು ನನ್ನನ್ನು. ಬೇಡ ಎಂದದ್ದು ನಾನು. ನಿನ್ನ ಕಾಲು ಆಗ ಬಂಗಾರಪೇಟೆಯಲ್ಲಿತ್ತು.